ಮಾವಿನ ಮರದಲ್ಲಿ ಮಾವಿನದ್ದಲ್ಲದ ಎಲೆ: ಹಿತ್ತಲಿನ ಹಣ್ಣಿನ ಮರಗಳ ವಿಚಿತ್ರ ಬೆಳವಣಿಗೆಗೆ ಏನು ಮಾಡುವುದು?

ಏಪ್ರಿಲ್ ತಿಂಗಳು. ತಾರಸಿಯಲ್ಲಿ ಹಲಸಿನ ಹಪ್ಪಳ ಒಣಗಿಸಿ ಕಾಗೆ ಓಡಿಸುತ್ತಾ ಕೂತಿದ್ದೆ. ಹಿತ್ತಲಿನ ಮುಂಡಪ್ಪ ಮಾವಿನ ಮರದ ಮೇಲ್ಗೆಲ್ಲಿನಲ್ಲಿ (ಮೇಲಿನ ಕೊಂಬೆಯಲ್ಲಿ) ಕೇಸರಿ ಬಣ್ಣದ ಹೂ ಕಂಡಿತು. ಮಾವಿಗೆ ಕೇಸರಿ ಹೂವಾ? ಕಣ್ಣು ಕಿರಿದು ಮಾಡಿ ನೋಡಿದರೆ ಎಲೆಯೂ ಮಾವಿನದ್ದಲ್ಲ. ದಪ್ಪ, ಸ್ವಲ್ಪ ಬೂದು ಹಸಿರು. ದಿನಾ ಆ ಮರದ ಬುಡದಲ್ಲೇ ಬಟ್ಟೆ ಒಗೆಯುತ್ತೇನೆ. ಒಂದು ದಿನವೂ ಕಂಡಿರಲಿಲ್ಲ.

ದೋಂಟಿ (ಉದ್ದದ ಕೊಕ್ಕೆಕೋಲು) ತಂದು ಎಳೆದು ಮುರಿದು ಹಾಕಿದೆ. ಮರುವರ್ಷ ನೋಡಿದರೆ ಒಂದಿದ್ದ ಪೊದೆ ಮೂರಾಗಿತ್ತು. ತೆಂಗಿನಕಾಯಿ ಕೀಳಲು ಬರುವ ಅಣ್ಣ ಅದನ್ನು ನೋಡಿ ನಕ್ಕರು. "ಅಕ್ಕ, ಅದು ಬಂದಳಿಕೆ ಮಾರಾಯ್ರೆ. ತಲೆ ಕಿತ್ತರೆ ಎಂತ ಆಗ್ತದೆ? ಬೇರು ಗೆಲ್ಲಿನ ಒಳಗೆ ಉಂಟಲ್ವಾ?"

ಅದೇ ವರ್ಷ ಇನ್ನೊಂದು ಬುದ್ಧಿವಂತಿಕೆ ಮಾಡಿದ್ದೆ. ಹಲಸಿನ ಮರದ ಮೈಮೇಲೆ ಗಂಟು ಗಂಟಾಗಿ ಉಬ್ಬಿಕೊಂಡದ್ದನ್ನು ರೋಗ ಅಂದುಕೊಂಡು ಕತ್ತಿಯಲ್ಲಿ ಚೆನ್ನಾಗಿ ಕೆತ್ತಿ ಹಾಕಿದೆ. ಮರುವರ್ಷ ಆ ಜಾಗದಲ್ಲಿ ಒಂದು ಗುಜ್ಜೆಯೂ ಇಲ್ಲ. ಹಲಸು ಕಾಯಿ ಬಿಡುವುದೇ ಆ ಗಂಟುಗಳಿಂದ!

ಕಡಿಯಬೇಕಾದ್ದನ್ನು ಅರ್ಧಕ್ಕೆ ಬಿಟ್ಟೆ, ಮುಟ್ಟಬಾರದ್ದನ್ನು ಕೆತ್ತಿದೆ. ಎರಡಕ್ಕೂ ಕಾರಣ ಒಂದೇ. ಅದು ಏನು ಅಂತ ನೋಡುವ ಮೊದಲೇ ಕತ್ತಿ ಹಿಡಿದದ್ದು. ಹಾಗಾಗಿ ಈ ಲೇಖನದಲ್ಲಿ ಕತ್ತಿ ಬರುವುದು ಸ್ವಲ್ಪ ತಡವಾಗಿ.

ಮೊದಲು: ಬೆರಳಿನಿಂದ ಎಬ್ಬಿಸಿ ನೋಡಿ

ಮರದ ಮೇಲೆ ಏನೋ ಹೊಸದು ಕಂಡಿತು ಅನ್ನಿ. ಕೈಗೆ ಎಟಕುವಂತಿದ್ದರೆ ಅದರ ಅಂಚನ್ನು ಬೆರಳಿನಿಂದ ಮೆಲ್ಲನೆ ಎಬ್ಬಿಸಿ. ಅದು ಬಿಟ್ಟುಕೊಂಡು ಬಂದು, ಅಡಿಯಲ್ಲಿ ಮರದ ತೊಗಟೆ ಗಟ್ಟಿಯಾಗಿ, ಪೂರ್ತಿಯಾಗಿ ಇದ್ದರೆ ಅದು ಮರದ ಮೇಲೆ ಸುಮ್ನೆ ಕೂತಿದೆ ಅಷ್ಟೆ. ಬಿಡಲೇ ಇಲ್ಲ, ಮರದ ಒಳಗಿನಿಂದಲೇ ಬಂದ ಹಾಗಿದೆ, ಆದರೆ ಎಲೆ ಬೇರೆ ಅಂದರೆ ಅದು ಮರದ ನೀರು ಕುಡಿಯುತ್ತಿದೆ. ಇನ್ನು ಎಲೆ, ತೊಗಟೆ ಎಲ್ಲಾ ಮರದ್ದೇ, ರೂಪ ಮಾತ್ರ ವಿಕಾರ ಅಂದರೆ ಮರಕ್ಕೇ ಏನೋ ಆಗಿದೆ. ಅಥವಾ ನನ್ನ ಹಲಸಿನ ಹಾಗೆ ಏನೂ ಆಗಿಲ್ಲ.

ಎತ್ತರದಲ್ಲಿದ್ದರೆ ಮೊಬೈಲ್ ಕ್ಯಾಮೆರಾದಲ್ಲಿ ಜೂಮ್ ಮಾಡಿ ಫೋಟೋ ತೆಗೆಯಿರಿ. ಕೆಳಗಿನಿಂದ ನೋಡುವುದಕ್ಕಿಂತ ತಾರಸಿಯಿಂದ ನೋಡುವುದು ಒಳ್ಳೆಯದು. ಮಾವು, ಹಲಸು ವರ್ಷವಿಡೀ ಹಸಿರಾಗಿರುವ ಮರಗಳು. ಅವುಗಳ ಎಲೆಯ ನಡುವೆ ಬೇರೆ ಎಲೆ ಅಡಗಿ ಕೂರುವುದು ಬಹಳ ಸುಲಭ.

ಬಿಟ್ಟುಬಿಡಬೇಕಾದವು

ಕರಾವಳಿಯ ಮಳೆ ವರ್ಷಕ್ಕೆ 3,500 ಮಿ.ಮೀ. ಮೀರುತ್ತದೆ. ಇಲ್ಲಿ ಮರದ ಮೈಮೇಲೆ ಏನೂ ಬೆಳೆಯದಿದ್ದರೇ ಆಶ್ಚರ್ಯ. ಕಾಂಡದ ಮೇಲೆ ಬಿಳಿ, ಬೂದು, ತಿಳಿಹಸಿರು ಮಚ್ಚೆಗಳು ಕಾಣುತ್ತವಲ್ಲ, ಅವು ಕಲ್ಲುಹೂವು. ಮಸಾಲೆಗೆ ಹಾಕುವ ಕಲ್ಲುಹೂವಿನ ನೆಂಟರು. ಮರದಿಂದ ಏನನ್ನೂ ಹೀರುವುದಿಲ್ಲ. ಪಾಚಿಯೂ ಅಷ್ಟೆ. ತಂತಿ ಬ್ರಷ್ ಹಿಡಿದು ತಿಕ್ಕುವವರನ್ನು ನೋಡಿದ್ದೇನೆ. ತಿಕ್ಕಿ ತೊಗಟೆ ಗಾಯ ಮಾಡಿದರೆ ರೋಗಕ್ಕೆ ಬಾಗಿಲು ತೆರೆದಂತೆ. ಒಂದು ಮಾತು ಮಾತ್ರ ಗಮನದಲ್ಲಿರಲಿ. ಗೆಲ್ಲಿನಲ್ಲಿ ಎಲೆ ಕಡಿಮೆಯಾಗಿ ಬಿಸಿಲು ಬಿದ್ದರೆ ಕಲ್ಲುಹೂವು ಜಾಸ್ತಿ ಆಗುತ್ತದೆ. ಹಾಗಾಗಿ ಸೊರಗಿದ ಮರದಲ್ಲಿ ಅದು ಹೆಚ್ಚು ಕಾಣುತ್ತದೆ. ಮರ ಸೊರಗಿದ್ದು ಅದರಿಂದಲ್ಲ, ಬುಡಕ್ಕೆ ಗೊಬ್ಬರ ಹಾಕದೆ ಇದ್ದದ್ದರಿಂದ ಇರಬಹುದು.

ಸೀತಾಳೆ ದಂಡೆಯಂಥ ಆರ್ಕಿಡ್, ಗೆಲ್ಲಿನ ಸಂದಿನಲ್ಲಿ ಕಂದು ಒಣ ಎಲೆಗಳ ಬುಟ್ಟಿ ಕಟ್ಟಿಕೊಂಡು ಕೂರುವ ಜರಿಗಿಡ, ಇವೂ ಮರವನ್ನು ಹಿಡಿದುಕೊಂಡಿರುತ್ತವೆ ಅಷ್ಟೆ. ಬಿಡಿ. ಅಷ್ಟಕ್ಕೂ ಕರಿಮೆಣಸಿನ ಬಳ್ಳಿ ಮರ ತುಂಬಾ ಹಬ್ಬಿದರೆ ನಾವು ಅದನ್ನು ವಿಚಿತ್ರ ಬೆಳವಣಿಗೆ ಅನ್ನುತ್ತೇವಾ? ಕೆ.ಜಿ.ಗೆ ಎಷ್ಟು ಅಂತ ಕೇಳುತ್ತೇವೆ.

ಹಲಸಿನ ಗಂಟಿನ ಕತೆ ಹೇಳಿದ್ದಾಯಿತು. ಬಿಂಬುಳಿಯೂ ಕಾಂಡದಲ್ಲೇ ಹೂ ಬಿಡುವ ಮರ. ಅದರ ಮೈಮೇಲಿನ ಉಬ್ಬುಗಳನ್ನೂ ಮುಟ್ಟಬೇಡಿ.

ಈ ಪಟ್ಟಿಯಲ್ಲಿ ಸೇರದ ಒಂದು ಅತಿಥಿ ಇದೆ. ಗೋಳಿ, ಅಶ್ವತ್ಥದ ಸಸಿ. ಹಕ್ಕಿ ತಂದುಹಾಕಿದ ಬೀಜ ಮಾವಿನ ಕವಲಿನಲ್ಲಿ ಮೊಳೆತು ಎರಡೆಲೆ ಬಿಟ್ಟಾಗ ಚಂದ ಕಾಣುತ್ತದೆ. ಅದು ಮರದ ರಸ ಹೀರುವುದಿಲ್ಲ, ನಿಜ. ಆದರೆ ಬೇರು ಇಳಿಸಿ ನೆಲ ಮುಟ್ಟಿತೆಂದರೆ ಮಾವನ್ನು ಸುತ್ತಿ ಬಿಗಿದು, ಮೇಲೆ ನೆರಳು ಕಟ್ಟಿ ನಿಧಾನಕ್ಕೆ ಮುಗಿಸುತ್ತದೆ. ಗೇಣುದ್ದ ಇರುವಾಗಲೇ ಬೇರು ಸಮೇತ ಎಬ್ಬಿಸಿ. ಅಶ್ವತ್ಥ ಕೀಳಲು ಮನಸ್ಸು ಒಪ್ಪದ ಹಿರಿಯರು ಮನೆಯಲ್ಲಿದ್ದರೆ ಜಗಳ ಬೇಡ. ಕವರಿನಲ್ಲಿ ಮಣ್ಣು ತುಂಬಿ ಅದರಲ್ಲಿ ನೆಟ್ಟುಬಿಡಿ. ನಮ್ಮತ್ತೆ ಒಪ್ಪಿದ್ದು ಹಾಗೆ.

ಬಂದಳಿಕೆ: ಇದಕ್ಕೆ ಮಾತ್ರ ಕತ್ತಿಯೇ ಆಗಬೇಕು

ಕೆಲವು ಕಡೆ ಬದನಿಕೆ ಅಂತಲೂ ಹೇಳುತ್ತಾರೆ. ಮಾವು, ಹಲಸು, ಚಿಕ್ಕು, ಪೇರಳೆ, ಯಾವುದನ್ನೂ ಬಿಡುವುದಿಲ್ಲ. ಇದು ಅರೆಕಳ್ಳ. ಹಸಿರೆಲೆ ಇರುವುದರಿಂದ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ನೀರು ಮತ್ತು ಲವಣ ಮಾತ್ರ ಮರದ್ದು. ಗೆಲ್ಲಿನ ತೊಗಟೆ ತೂರಿ ಕಟ್ಟಿಗೆಯ ತನಕ ಹೀರುಬೇರು ಇಳಿಸಿರುತ್ತದೆ. ಅದು ಕೂತ ಜಾಗ ಗಂಟಾಗಿ ಊದಿಕೊಳ್ಳುತ್ತದೆ. ಅಲ್ಲಿಂದ ಆಚೆಗಿನ ಗೆಲ್ಲು ಸೊರಗಿ ಒಣಗುತ್ತದೆ.

ಬಂತು ಎಲ್ಲಿಂದ? ಹಕ್ಕಿಯಿಂದ. ಹೆಬ್ಬೆರಳಿನಷ್ಟೇ ದೊಡ್ಡದು ಅನ್ನಿಸುವ, ಸುಮಾರು 8 ಸೆಂ.ಮೀ. ಉದ್ದದ ಪುಟ್ಟ ಹಕ್ಕಿಯೊಂದು ಇದರ ಹಣ್ಣಿಗೆ ಮರುಳಾಗಿದೆ. ಕನ್ನಡದಲ್ಲಿ ಆ ಹಕ್ಕಿಗೂ ಬದನಿಕೆ ಎಂದೇ ಹೆಸರು! ಹಣ್ಣಿನೊಳಗಿನ ಬೀಜಕ್ಕೆ ಹಲಸಿನ ಮೇಣದಂಥ ಅಂಟು. ಹೊರಗೆ ಬರುವಾಗಲೂ ಅಂಟು ಹೋಗಿರುವುದಿಲ್ಲ. ಹಕ್ಕಿ ಹಿಂಭಾಗವನ್ನು ಗೆಲ್ಲಿಗೆ ಉಜ್ಜಿ ಬಿಡಿಸಿಕೊಳ್ಳುತ್ತದೆ. ಬೀಜ ಅಲ್ಲೇ ಅಂಟಿ ಮೊಳೆಯುತ್ತದೆ. ಹಾಗಾಗಿ ಒಂದು ಮರದಲ್ಲಿ ಬಂದಳಿಕೆ ಹಣ್ಣಾದರೆ ಸುತ್ತಲಿನ ನಾಲ್ಕು ಹಿತ್ತಲಿಗೂ ಹಂಚಿಕೆ ಆಯಿತೆಂದೇ ಲೆಕ್ಕ. ಹಣ್ಣು ಬಿಡುವ ಮೊದಲೇ ತೆಗೆಯಬೇಕು ಅನ್ನುವುದು ಇದಕ್ಕೇ.

ತೆಗೆಯುವುದು ಹೀಗೆ. ಗೆಲ್ಲನ್ನು ಚೆನ್ನಾಗಿ ನೋಡಿ. ಬಂದಳಿಕೆ ಒಂದೇ ಜಾಗದಲ್ಲಿ ಕೂತಿರುವುದಿಲ್ಲ. ಗೆಲ್ಲಿನ ಮೇಲೆ ಹಗ್ಗದಂತೆ ಬೇರು ಹರಿಸಿ ಅಲ್ಲಲ್ಲಿ ಮತ್ತೆ ಕಚ್ಚಿಕೊಂಡಿರುತ್ತದೆ. ಕಾಂಡದ ಕಡೆಗೆ ಕೊನೆಯದಾಗಿ ಎಲ್ಲಿ ಕಚ್ಚಿದೆ ಅಂತ ಹುಡುಕಿ. ಅಲ್ಲಿಂದ ಸುಮಾರು ಒಂದು ಅಡಿ ಒಳಕ್ಕೆ, ಅಂದರೆ ಕಾಂಡದ ಕಡೆಗೆ ಬಂದು ಗೆಲ್ಲನ್ನೇ ಕತ್ತರಿಸಿ. ನಾಲ್ಕು ಮಾವಿನಕಾಯಿ ಹೋಗುತ್ತದೆ ಅಂತ ಹಿಂದೆ ಮುಂದೆ ನೋಡಬೇಡಿ. ನಾನು ನೋಡಿ ಕೆಟ್ಟೆ.

ದಪ್ಪ ಗೆಲ್ಲನ್ನೋ ಕಾಂಡವನ್ನೋ ಹಿಡಿದಿದ್ದರೆ ಹಾಗೆ ಕಡಿಯಲಾಗುವುದಿಲ್ಲ. ಆಗ ಪೊದೆಯನ್ನು ತೊಗಟೆಯ ಮಟ್ಟಕ್ಕೆ ನುಣ್ಣಗೆ ಕತ್ತರಿಸಿ, ಆ ಜಾಗಕ್ಕೆ ದಪ್ಪ ಕಪ್ಪು ಪ್ಲಾಸ್ಟಿಕ್ ಸುತ್ತಿ ಕಟ್ಟಿ. ಬೆಳಕಿಲ್ಲದೆ ಅದು ಮತ್ತೆ ಚಿಗುರಲು ಕಷ್ಟಪಡುತ್ತದೆ. ಒಂದೆರಡು ವರ್ಷ ಹಾಗೇ ಬಿಡಬೇಕು. ಕಟ್ಟು ಗೆಲ್ಲನ್ನು ಬಿಗಿಯದಂತೆ ಆಗಾಗ ಸಡಿಲಿಸಬೇಕು. ಅಂಗಡಿಯೊಂದರಲ್ಲಿ "ಇದನ್ನು ಸ್ಪ್ರೇ ಮಾಡಿ, ಒಂದೇ ವಾರ" ಅಂತ ಕಳೆನಾಶಕದ ಬಾಟಲಿ ಕೊಟ್ಟಿದ್ದರು. ಬಂದಳಿಕೆಗೆ ಬಿದ್ದದ್ದಕ್ಕಿಂತ ಮಾವಿಗೆ ಬಿದ್ದದ್ದೇ ಜಾಸ್ತಿ. ಮನೆ ಹಿತ್ತಲಲ್ಲಿ, ಅದೂ ಬಾವಿ ಪಕ್ಕದಲ್ಲಿ, ಆ ದಾರಿ ಬೇಡವೇ ಬೇಡ.

ಬಂದಳಿಕೆಯನ್ನು ಊರಿನಿಂದಲೇ ಓಡಿಸುವ ಹಟವೂ ನನಗಿಲ್ಲ. ಅದರ ಹೂವಿಗೆ ಸೂರಕ್ಕಿಗಳು ಬರುತ್ತವೆ. ಹಳದಿ, ಕೆಂಪು, ಬಿಳಿ ರೆಕ್ಕೆಯ ಜೆಜೆಬೆಲ್ ಚಿಟ್ಟೆ ಮೊಟ್ಟೆ ಇಡುವುದು ಅದರ ಎಲೆಯ ಮೇಲೆ. ಬೇಲಿಯಾಚೆಯ ಕಾಡುಮರದಲ್ಲಿ ಇದ್ದರೆ ಇರಲಿ.

ಇದರಂತೆಯೇ ಬೇರೆ ಗಿಡದ ಮೇಲೆ ಬದುಕುವ ಇನ್ನೊಂದು ಕಳ್ಳ ಆಕಾಶಬಳ್ಳಿ. ಮಂಗನ ಉಡಿದಾರ ಅಂತಲೂ ಕರೆಯುತ್ತಾರೆ. ಎಲೆಯೇ ಇಲ್ಲದ, ಹಳದಿ ಅಥವಾ ತಿಳಿಹಸಿರು ದಾರದ ಸಿಕ್ಕು. ನಿಂಬೆ, ದಾಸವಾಳ, ಬೇಲಿಗಿಡಗಳ ಮೇಲೆ ಹಬ್ಬುತ್ತದೆ. ಒಂದು ತುಂಡು ಉಳಿದರೂ ಮತ್ತೆ ಹೆಣೆದುಕೊಳ್ಳುತ್ತದೆ. ಹಬ್ಬಿದ ಗೆಲ್ಲಿನ ಸಮೇತ ಕತ್ತರಿಸಿ ಸುಟ್ಟುಬಿಡಿ. ಕಿತ್ತದ್ದನ್ನು ಬೇಲಿ ಮೇಲೆ ಎಸೆದರೆ ಅದಕ್ಕೆ ಹೊಸ ಮನೆ ಕೊಟ್ಟಂತೆ.

ಮರವೇ ವಿಕಾರವಾದರೆ

ಮಾವಿನ ಎಲೆ ತುಂಬಾ ಮೊಡವೆಯಂಥ ಗುಳ್ಳೆಗಳು ಎದ್ದಿವೆಯಾ? ಇದು ನಮ್ಮ ಕಡೆ ಸಾಮಾನ್ಯ. ಸೊಳ್ಳೆಗಿಂತ ಚಿಕ್ಕ ನೊಣವೊಂದು ಎಳೆ ಎಲೆಯಲ್ಲಿ ಮೊಟ್ಟೆ ಇಡುತ್ತದೆ. ಮರಿ ಒಳಗೆ ಬೆಳೆಯುವಾಗ ಎಲೆ ಅದರ ಸುತ್ತ ಗುಳ್ಳೆ ಕಟ್ಟುತ್ತದೆ. ದೊಡ್ಡ ಮರಕ್ಕೆ ಇದರಿಂದ ಏನೂ ಆಗುವುದಿಲ್ಲ. ಸಣ್ಣ ಕಸಿ ಗಿಡವಾದರೆ ಗುಳ್ಳೆ ಎಲೆ ಕಿತ್ತು ಸುಡಿ. ಔಷಧಿ ಹೊಡೆಯುವ ಕೆಲಸವಲ್ಲ.

ಮಾವಿನ ತುದಿಯಲ್ಲಿ ಪೊರಕೆಯಂತೆ ಸಣ್ಣ ಸಣ್ಣ ಎಲೆಗಳ ಗೊಂಚಲು, ಅಥವಾ ಹೂಗೊಂಚಲು ಹೂಕೋಸಿನಂತೆ ಗಟ್ಟಿ ಮುದ್ದೆ, ಕಾಯಿ ಮಾತ್ರ ಇಲ್ಲ. ಇದು ಬೇರೆ. ಶಿಲೀಂಧ್ರದಿಂದ ಬರುವ ರೋಗ. 1891ರಲ್ಲೇ ಬಿಹಾರದ ದರ್ಭಾಂಗದಲ್ಲಿ ದಾಖಲಾಗಿತ್ತು. ಇವತ್ತಿಗೂ ಉತ್ತರ ಭಾರತದಲ್ಲೇ ಇದರ ಕಾಟ ಜಾಸ್ತಿ. ಕಸಿ ಗಿಡದ ಜೊತೆ ಪ್ರಯಾಣ ಮಾಡುತ್ತದೆ. ಹಾಗಾಗಿ ದೂರದ ಊರಿನಿಂದ ಗಿಡ ತರುವಾಗ ತುದಿ ನೋಡಿ ತನ್ನಿ. ಕಂಡರೆ ಗೊಂಚಲಿನಿಂದ ಒಂದು ಅಡಿ ಕೆಳಗೆ ಕತ್ತರಿಸಿ ಸುಡುವುದು. ಆ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸದೆ ಇನ್ನೊಂದು ಮರ ಮುಟ್ಟಬೇಡಿ. ಅಂಥ ಮರದಿಂದ ಕಸಿ ಕಡ್ಡಿ ಯಾರಿಗೂ ಕೊಡಬೇಡಿ, ಎಷ್ಟೇ ಹತ್ತಿರದವರು ಕೇಳಿದರೂ.

ಚಿಕ್ಕು ಗಿಡದಲ್ಲಿ ಗೆಲ್ಲು ಚಪ್ಪಟೆಯಾಗಿ, ಪಟ್ಟಿಯಂತೆ ಅಗಲವಾಗಿ ತಿರುಚಿಕೊಂಡು, ಅದರ ಮೇಲೆ ಚಿಕ್ಕ ಎಲೆಗಳು ಒತ್ತೊತ್ತಾಗಿ ಬರುವುದುಂಟು. ನೋಡಿದವರು ಮೊಬೈಲ್ ತೆಗೆದು ಫೋಟೋ ಹೊಡೆಯುತ್ತಾರೆ, ಅಷ್ಟು ವಿಚಿತ್ರ. ಆ ಗೆಲ್ಲಿನಲ್ಲಿ ಕಾಯಿ ಸರಿಯಾಗಿ ಬೆಳೆಯುವುದಿಲ್ಲ. ಚಪ್ಪಟೆ ಶುರುವಾದ ಕಡೆಗಿಂತ ಕೆಳಗೆ, ಗುಂಡಗಿರುವ ಆರೋಗ್ಯದ ಭಾಗದಲ್ಲಿ ಕತ್ತರಿಸಿದರೆ ಆಯಿತು.

ನಿಂಬೆ ಎಲೆ, ಕಾಯಿಗಳಲ್ಲಿ ಬೆಂಡಿನಂಥ ಒರಟು ಕಜ್ಜಿ, ಸುತ್ತ ಹಳದಿ ಉಂಗುರ ಇದ್ದರೆ ಅದು ಬ್ಯಾಕ್ಟೀರಿಯಾದ ಕಜ್ಜಿ ರೋಗ. ಮಳೆಹನಿ ಸಿಡಿದು ಹರಡುತ್ತದೆ. ಒದ್ದೆ ಗಿಡವನ್ನು ಮುಟ್ಟದಿರುವುದೇ ಅರ್ಧ ಮದ್ದು. ಕಜ್ಜಿ ಕಡ್ಡಿ ತೆಗೆದು, ಮಳೆಗಾಲಕ್ಕೆ ಮೊದಲು ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂನಂತೆ ಸಿಂಪಡಿಸಬಹುದು.

ಮಳೆಗಾಲದಲ್ಲಿ ಗೆಲ್ಲುಗಳ ಕವಲಿಗೆ ಮೊದಲು ಜೇಡರ ಬಲೆಯಂಥ ಬಿಳಿ ಎಳೆ, ಆಮೇಲೆ ಸುಣ್ಣಕ್ಕೆ ಕುಂಕುಮ ಬೆರೆಸಿ ಬಳಿದಂಥ ಗುಲಾಬಿ ಪದರ ಬಂದರೆ ಮಾತ್ರ ತಡ ಮಾಡಬೇಡಿ. ರಬ್ಬರ್ ತೋಟದವರಿಗೆ ಈ ಗುಲಾಬಿ ರೋಗ ಚೆನ್ನಾಗಿ ಗೊತ್ತು. ಹಲಸು, ಮಾವಿಗೂ ಬರುತ್ತದೆ. ಪದರದ ಆಚೆಗಿನ ಗೆಲ್ಲು ನೋಡನೋಡುತ್ತಾ ಒಣಗುತ್ತದೆ. ಜಡಿಮಳೆಯ ಆಟಿ ತಿಂಗಳಾದರೂ (ಜುಲೈ-ಆಗಸ್ಟ್) ಸರಿ, ಮಳೆ ಬಿಟ್ಟ ಒಂದು ದಿನ ನೋಡಿ ಕತ್ತರಿಸಿ, ಮುಂದೆ ಹೇಳುವ ಮುಲಾಮು ಹಚ್ಚಬೇಕು.

ಕಸಿ ಗಿಡದಲ್ಲಿ ಕಸಿ ಕಟ್ಟಿದ ಜಾಗಕ್ಕಿಂತ ಕೆಳಗಿನಿಂದ ಜೋರಾಗಿ ಎದ್ದು ಬರುವ ಚಿಗುರು ವಿಚಿತ್ರವಲ್ಲ, ಅದು ಕೆಳಗಿನ ಕಾಟು ಮಾವಿನ ಚಿಗುರು. ಎಳೆಯದಿರುವಾಗಲೇ ಮುರಿಯಿರಿ. ಬಿಟ್ಟರೆ ದುಡ್ಡು ಕೊಟ್ಟು ತಂದ ತಳಿ ಸೊರಗಿ, ಹುಳಿ ಕಾಟು ಮಾವು ತಿನ್ನಬೇಕಾಗುತ್ತದೆ. ಉಪ್ಪಿನಕಾಯಿಗೆ ಒಳ್ಳೆಯದೇ, ಆದರೆ ನೀವು ನೆಟ್ಟದ್ದು ಅದಕ್ಕಲ್ವಲ್ಲ.

ಬುಡದಲ್ಲಿ ಅಣಬೆ ಕಂಡರೆ

ಕಾಂಡಕ್ಕೆ ಅಂಟಿದ, ಕಪಾಟಿನ ಹಲಗೆಯಂಥ ಗಟ್ಟಿ ಅಣಬೆ. ಇದನ್ನು ಕಿತ್ತು ಎಸೆದು ಸಮಾಧಾನಪಡಬೇಡಿ. ಅಣಬೆ ಅಂದರೆ ಹೊರಗೆ ಕಾಣುವ ಹಣ್ಣು ಅಷ್ಟೆ. ಶಿಲೀಂಧ್ರದ ಮೈಯೆಲ್ಲಾ ಮರದೊಳಗಿದೆ, ಒಳಗಿನ ಕಟ್ಟಿಗೆ ಆಗಲೇ ಕೊಳೆಯುತ್ತಿದೆ. ಅಡಿಕೆಗೆ ಬರುವ ಅಣಬೆ ರೋಗವೂ ಇದೇ ಕುಲದ್ದು. ಮರದ ಸುತ್ತಿಗೆಯಿಂದ ಕಾಂಡವನ್ನು ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ, ಮರ ಮನೆ ಕಡೆಗೋ ರಸ್ತೆ ಕಡೆಗೋ ವಾಲಿದ್ದರೆ, ಮಳೆಗಾಲದ ಗಾಳಿಗೆ ಮೊದಲೇ ತಿಳಿದವರನ್ನು ಕರೆಸಿ. ಇಡೀ ಮರ ತೆಗೆಯುವುದಾದರೆ ಅನುಮತಿ ಬೇಕೇ ಅಂತ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಕಾಂಡದಲ್ಲಿ ತೂತು, ಅದರಿಂದ ಮರದ ಹುಡಿ, ಅಂಟು ಬರುತ್ತಿದ್ದರೆ ಒಳಗೆ ಕಾಂಡ ಕೊರೆಯುವ ಹುಳ ಇದೆ. ಸೈಕಲ್ ಕಡ್ಡಿಯಂಥ ತಂತಿ ತೂರಿಸಿ ಹುಳ ಎಳೆದು ಅಥವಾ ಚುಚ್ಚಿ ಕೊಂದು, ತೂತನ್ನು ಹಸಿ ಮಣ್ಣಿನಿಂದ ಮುಚ್ಚಿ.

ಗೆಲ್ಲು ಕಡಿಯುವ ಕ್ರಮ

ನಮ್ಮ ಕಡೆ ಇದಕ್ಕೆ ಒಳ್ಳೆಯ ಸಮಯ ಹಣ್ಣು ಕಿತ್ತ ಮೇಲೆ, ಪತ್ತನಾಜೆಯ ಒಳಗೆ. ಅಂದರೆ ಸುಮಾರು ಮೇ 24ರೊಳಗೆ. ಗಾಯ ಒಣಗಲು ಕೆಲವು ದಿನ ಬಿಸಿಲು ಸಿಗಬೇಕು. ಅದು ತಪ್ಪಿದರೆ ನವರಾತ್ರಿಯ ಹೊತ್ತಿಗೆ ಮಳೆ ಇಳಿದ ಮೇಲೆ. ಗುಲಾಬಿ ರೋಗದಂಥದ್ದಕ್ಕೆ ಮಾತ್ರ ಮುಹೂರ್ತ ನೋಡಬೇಡಿ.

ದಪ್ಪ ಗೆಲ್ಲನ್ನು ಮೇಲಿನಿಂದ ಒಂದೇ ಸಲ ಕಡಿದರೆ ಅದು ಅರ್ಧದಲ್ಲಿ ಮುರಿದು, ಕಾಂಡದ ತೊಗಟೆಯನ್ನು ಉದ್ದಕ್ಕೆ ಸೀಳಿಕೊಂಡು ಬೀಳುತ್ತದೆ. ಹಾಗಾಗಿ ಮೂರು ಸಲ ಕತ್ತರಿಸಬೇಕು. ಕಾಂಡದಿಂದ ಒಂದೂವರೆ ಅಡಿ ದೂರದಲ್ಲಿ ಗೆಲ್ಲಿನ ಅಡಿಯಿಂದ ಕಾಲುಭಾಗ ಗರಗಸ ಹಾಕಿ. ಅದರಿಂದ ಎರಡು ಇಂಚು ಆಚೆಗೆ ಮೇಲಿನಿಂದ ಪೂರ್ತಿ ಕೊಯ್ಯಿರಿ, ಗೆಲ್ಲು ಬೀಳುತ್ತದೆ. ಉಳಿದ ಮೋಟನ್ನು ಕೊನೆಗೆ ತೆಗೆಯಿರಿ. ಗೆಲ್ಲು ಕಾಂಡಕ್ಕೆ ಸೇರುವಲ್ಲಿ ಸ್ವಲ್ಪ ಉಬ್ಬಿರುತ್ತದೆ. ಆ ಉಬ್ಬನ್ನು ಉಳಿಸಿ ಅದರ ಹೊರಗೆ ಕೊಯ್ಯಬೇಕು, ಏಕೆಂದರೆ ಗಾಯ ಮುಚ್ಚುವ ತೊಗಟೆ ಬೆಳೆಯುವುದು ಅಲ್ಲಿಂದಲೇ. ಕತ್ತಿಯಲ್ಲಿ ಕೊಚ್ಚುವುದಕ್ಕಿಂತ ಗರಗಸ ಎಷ್ಟೋ ಒಳ್ಳೆಯದು.

ಕರೆಂಟ್ ತಂತಿ ಹತ್ತಿರವಿದ್ದರೆ ದೋಂಟಿಯನ್ನೂ ಎತ್ತಬೇಡಿ. ಮೆಸ್ಕಾಂಗೆ ಹೇಳಿ ಲೈನ್ ಬಂದ್ ಮಾಡಿಸಿ. ಪಾಚಿ ಹಿಡಿದ ಒದ್ದೆ ಮರಕ್ಕೆ ಹತ್ತುವುದು, ನುಗ್ಗೆಯಂಥ ಮೆದು ಮರಕ್ಕೆ ಏಣಿ ಆನಿಸುವುದು ಬೇಡ. ಎತ್ತರದ ಕೆಲಸಕ್ಕೆ ಮರ ಹತ್ತುವವರಿಗೆ ಸಂಬಳ ಕೊಡುವುದೇ ಲಾಭ.

ಮುಲಾಮು: ಅಡಿಕೆಯವರ ಮದ್ದೇ ಇಲ್ಲೂ

ಕೊಳೆರೋಗಕ್ಕೆ ಅಡಿಕೆಗೆ ಬಿಡುವ ಬೋರ್ಡೋ ಮದ್ದು ಗೊತ್ತಲ್ಲ? 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ. ಅದನ್ನೇ ಹತ್ತು ಪಟ್ಟು ಗಟ್ಟಿ ಮಾಡಿದರೆ ಗಾಯಕ್ಕೆ ಹಚ್ಚುವ ಮುಲಾಮು. ಮನೆಗೆ ಒಂದು ಲೀಟರ್ ಬೇಕಾದಷ್ಟಾಯಿತು. 100 ಗ್ರಾಂ ಮೈಲುತುತ್ತನ್ನು ಪುಡಿ ಮಾಡಿ ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ. ಇನ್ನೊಂದು ಪಾತ್ರೆಯಲ್ಲಿ 100 ಗ್ರಾಂ ಒಳ್ಳೆಯ ಸುಣ್ಣವನ್ನು ಅರ್ಧ ಲೀಟರ್ ನೀರಿನಲ್ಲಿ ಕಲಸಿ ಸೋಸಿ. ಎರಡಕ್ಕೂ ಪ್ಲಾಸ್ಟಿಕ್ ಬಾಲ್ದಿಯೇ ಇರಲಿ, ಕಬ್ಬಿಣದ್ದು ಬೇಡ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಮೆಲ್ಲನೆ ಹೊಯ್ಯುತ್ತಾ ಕೋಲಿನಿಂದ ಕದಡಿ. ಆಕಾಶನೀಲಿ ಬಣ್ಣ ಬರುತ್ತದೆ.

ಹದ ನೋಡುವ ಉಪಾಯ ಅಡಿಕೆ ತೋಟದ ಹಳಬರಿಂದ ಕಲಿತದ್ದು. ತಿಕ್ಕಿ ಹೊಳಪು ಬಂದ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಮೈಲುತುತ್ತು ಜಾಸ್ತಿಯಾಗಿದೆ, ಇನ್ನಷ್ಟು ಸುಣ್ಣದ ನೀರು ಬೇಕು. ಕೆಂಪು ಕೂರದಿದ್ದರೆ ಸರಿ. ಹಳೇ ಬ್ರಷ್‌ನಿಂದ ಗಾಯಕ್ಕೂ ಅಂಚಿಗೂ ಹಚ್ಚಿ. ಅವತ್ತೇ ಮುಗಿಸಬೇಕು, ನಾಳೆಗೆ ಇಟ್ಟರೆ ಗುಣ ಇರುವುದಿಲ್ಲ. ಕೈಗೆ ಗ್ಲೌಸ್ ಹಾಕಿ. ಮೈಲುತುತ್ತು ವಿಷ, ನೀಲಿ ಕಲ್ಲುಸಕ್ಕರೆಯ ಹಾಗೆ ಕಾಣುವುದರಿಂದ ಮಕ್ಕಳ ಕೈಗೆ ಸಿಗದಂತೆ ಇಡಿ. ಉಳಿದದ್ದನ್ನು ಬಾವಿಕಟ್ಟೆ ಹತ್ತಿರ ಚೆಲ್ಲಬೇಡಿ.

ಏನೆಂದು ಗೊತ್ತೇ ಆಗದಿದ್ದರೆ

ಕಡಿಯುವ ಮೊದಲು ತೋರಿಸಿ. ಉಡುಪಿಯವರಿಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರ, ಮಂಗಳೂರಿನವರಿಗೆ ಕಂಕನಾಡಿಯದ್ದು. ತಾಲೂಕಿನ ತೋಟಗಾರಿಕೆ ಇಲಾಖೆಯೂ ಇದೆ. ಗೇರಿಗೆ ಸಂಬಂಧಿಸಿದ್ದಾದರೆ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ, ತೆಂಗು, ಅಡಿಕೆಯದ್ದಾದರೆ ವಿಟ್ಲದಲ್ಲಿರುವ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಪ್ರಾದೇಶಿಕ ಕೇಂದ್ರ. ಮಾದರಿ ಒಯ್ಯುವಾಗ ಪೂರ್ತಿ ಒಣಗಿದ ತುಂಡು ಬೇಡ. ಆರೋಗ್ಯದ ಭಾಗ ಮುಗಿದು ರೋಗ ಶುರುವಾಗುವ ಗಡಿಯ ತುಂಡು ಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಬೆವರಿ ಕೊಳೆಯುತ್ತದೆ, ಪೇಪರಿನಲ್ಲಿ ಸುತ್ತಿ. ಇಡೀ ಮರದ್ದೊಂದು, ಗೆಲ್ಲಿನದ್ದೊಂದು, ಹತ್ತಿರದಿಂದ ಒಂದು, ಹೀಗೆ ಫೋಟೋ ಇರಲಿ. ಮೊದಲು ಯಾವಾಗ ಕಂಡಿರಿ ಅಂತ ಅವರು ಕೇಳಿಯೇ ಕೇಳುತ್ತಾರೆ.

ನನ್ನ ಮುಂಡಪ್ಪಕ್ಕೆ ಕೊನೆಗೆ ಎರಡು ಗೆಲ್ಲು ಪೂರ್ತಿ ತೆಗೆಯಬೇಕಾಯಿತು. ಆ ವರ್ಷ ಕಾಯಿ ಕಡಿಮೆ. ಈಗಲೂ ಏಪ್ರಿಲ್‌ನಲ್ಲಿ ಹಪ್ಪಳ ಒಣಗಿಸುವಾಗ ಒಂದು ಸುತ್ತು ಮರದ ತುದಿ ನೋಡುತ್ತೇನೆ. ಹೋದ ಸಲ ಬೆರಳುದ್ದದ ಒಂದು ಮರಿ ಬಂದಳಿಕೆ ಸಿಕ್ಕಿತು. ಹಲಸಿನ ಗಂಟುಗಳಲ್ಲಿ ಈ ವರ್ಷ ಮತ್ತೆ ಗುಜ್ಜೆ ಇಣುಕಿದೆ.